ಕುಂಬಳಕಾಯಿಗೆ ಮೊದಲ ಏಟು

ಕುಂಬಳಕಾಯಿಯ ಮೇಲೆ ನನಗಿರುವ ಗೌರವಕ್ಕೆ ಕಾರಣ ಒಂದೇ: ಅದು ಮಂದಿಗೆ ಕೆಲಸ ಹಚ್ಚುವುದಿಲ್ಲ. ಹೀರೇಕಾಯಿಯಾದರೆ ಹೆರೆಯಬೇಕು. ಮೆಂತ್ಯಪಲ್ಲೆಯಾದರೆ ಕೂತು ಎಲೆ ಬಿಡಿಸಬೇಕು. ಬದನೆಕಾಯಿಯಂತೂ ಮಸಾಲೆ ಕುಟ್ಟಿಸಿಕೊಳ್ಳುತ್ತದೆ, ಸಾಲದ್ದಕ್ಕೆ ಒಳಗೆ ಹುಳ ಇಟ್ಟುಕೊಂಡು ಮೋಸವನ್ನೂ ಮಾಡುತ್ತದೆ. ಕುಂಬಳಕಾಯಿ ಹಾಗಲ್ಲ. ಹೋಳು ಮಾಡಿ ಸಿಪ್ಪೆ ಸಮೇತ ಡಬ್ಬಿಯಲ್ಲಿಟ್ಟು, ಕುಕ್ಕರಿನ ತಳಕ್ಕೆ ಒಂದು ಲೋಟ ನೀರು ಹಾಕಿ, ಮುಚ್ಚಳ ಬಿಗಿದರೆ ಆಯಿತು. ಎರಡು ಸೀಟಿಗೆ ಬೆಣ್ಣೆಯಂತಾಗಿರುತ್ತದೆ. ಆ ಎರಡು ಸೀಟಿ ಆಗುವತನಕ ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ಕಣ್ಣು ಮುಚ್ಚುತ್ತೇನೆ. ಇಡೀ ದಿನದಲ್ಲಿ ನನ್ನದು ಅಂತ ಇರುವ ವೇಳೆ ಅದೊಂದೇ.

ನಾನು ಗೊಳಸಂಗಿಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಮನೆ ಇರುವುದು ಬಸವನ ಬಾಗೇವಾಡಿಯಲ್ಲಿ. ಬೆಳಿಗ್ಗೆ ಬಸ್ಸಿಗೆ ಹೋಗಿ, ಸಂಜೆ ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಟಂಟಂ ಹಿಡಿದು ಬರುತ್ತೇನೆ. ಬಂದ ಮೇಲೆ ಎರಡನೆಯ ನೌಕರಿ ಶುರು. ಅದಕ್ಕೆ ಪಗಾರವಿಲ್ಲ, ರಜೆಯೂ ಇಲ್ಲ. ಹೋದ ವರ್ಷ ನಮ್ಮ ಮಾಸ್ತರರಿಗೆ ಲಕ್ವ ಹೊಡೆಯಿತು. ನಮ್ಮ ಮಾಸ್ತರರು ಎಂದರೆ ನನ್ನ ಗಂಡ, ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರರಾಗಿದ್ದವರು. ಬಲಗೈ ಎತ್ತಲಾಗದು, ಬಲಗಾಲು ಎಳೆಯುತ್ತದೆ. ಈಗ ಕೋಲು ಹಿಡಿದು ಬಚ್ಚಲತನಕ ತಾವೇ ಹೋಗಿ ಬರುತ್ತಾರೆ. ನಾನಿಲ್ಲದ ಹೊತ್ತಿನಲ್ಲಿ ಪಕ್ಕದ ಮನೆಯ ಖುರ್ಷಿದಾ ಆಗಾಗ ಬಂದು ನೋಡಿ ಹೋಗುತ್ತಾಳೆ.

ದಣಿದಿದ್ದೇನೆ ಎಂದು ಯಾರಿಗಾದರೂ ಹೇಳಿ ನೋಡಿ. ಒಬ್ಬರು ಖಜೂರ ತಿನ್ನಲು ಹೇಳುತ್ತಾರೆ. ಇನ್ನೊಬ್ಬರು ನಸುಕಿನಲ್ಲಿ ಎದ್ದು ಪ್ರಾಣಾಯಾಮ ಮಾಡಲು ಹೇಳುತ್ತಾರೆ, ಅಂದರೆ ಇರುವ ನಿದ್ದೆಯನ್ನೂ ಬಿಡಲು. ಮೂರನೆಯವರು ತಾವೆಷ್ಟು ದಣಿದಿದ್ದೇವೆ ಎಂದು ಶುರುಮಾಡುತ್ತಾರೆ, ಅದನ್ನು ನಿಂತು ಕೇಳುವಷ್ಟರಲ್ಲಿ ನನ್ನ ಕಾಲು ಸೋತಿರುತ್ತದೆ. ಅದಕ್ಕೇ ಈಗ ಯಾರಿಗೂ ಹೇಳುವುದಿಲ್ಲ. ನಿಮಗೆ ಹೇಳುತ್ತಿದ್ದೇನೆ, ಏಕೆಂದರೆ ನೀವು ತಿರುಗಿ ಮಾತಾಡುವಂತಿಲ್ಲ.

ಕುಂಬಳಕಾಯಿ ನಮ್ಮ ಮನೆಗೆ ಕಾಯಂ ಆಗಿ ಬಂದದ್ದು ಡಾಕ್ಟರರ ಮಾತಿನಿಂದ. "ನುಂಗಾಕ ತ್ರಾಸ ಆಗಬಾರದ್ರಿ, ಏನರ ಮೆತ್ತಗಿಂದ ಕೊಡ್ರಿ" ಎಂದಿದ್ದರು. ಮೆತ್ತಗಿನದು! ನಮ್ಮ ಸೀಮೆಯಲ್ಲಿ ಊಟವೆಂದರೆ ಸದ್ದಾಗಬೇಕು. ಖಡಕ್ ರೊಟ್ಟಿ ಮುರಿದರೆ ಮಗ್ಗುಲ ಮನೆಗೆ ಕೇಳಬೇಕು. ಉಳ್ಳಾಗಡ್ಡಿಯನ್ನು ಹೆಚ್ಚಬಾರದು, ಗುದ್ದಿ ಒಡೆಯಬೇಕು. ಮಾಸ್ತರರು ಅಂಥ ಊಟ ಉಂಡು ಬೆಳೆದವರು, ಮೆತ್ತಗಿನ ಅನ್ನ ಕಂಡರೆ "ಇದು ಯಾರಿಗೆ ಜ್ವರ ಬಂದೈತಿ?" ಎಂದು ಕೇಳುತ್ತಿದ್ದವರು. ಅವರ ಮುಂದೆ ಮೊದಲ ದಿನ ನಾನು ಬೇಯಿಸಿದ ಕುಂಬಳಕಾಯಿಯನ್ನು ಕಿವುಚಿ, ಚೂರು ಬೆಲ್ಲ, ಚೂರು ತುಪ್ಪ ಹಾಕಿ ತಂದಿಟ್ಟಾಗ ಅವರು ಬಟ್ಟಲನ್ನು ಬಹಳ ಹೊತ್ತು ನೋಡಿದರು. ಶಾಲೆಯ ಕಬಡ್ಡಿ ತಂಡ ಸೋತು ಬಂದಾಗ ಹುಡುಗರನ್ನು ಹಾಗೆಯೇ ನೋಡುತ್ತಿದ್ದರು. ಆಮೇಲೆ ಉಂಡರು.

ಮಾತು ಹೋಯಿತು ಎಂದೆನಲ್ಲ, ಇಲ್ಲ, ಇನ್ನೂ ಹೇಳಿಲ್ಲ. ಮಾತು ಹೋಯಿತು, ಆದರೆ ಪೂರಾ ಅಲ್ಲ. ಅಂಕಿಗಳು ಉಳಿದವು. "ಹುಡುಕಿ ತಗ್ಯೂ ಮಾತು ಸಿಗಂಗಿಲ್ರಿ, ಬಾಯಿಪಾಠ ಆಗಿದ್ದು ಸಾಲಾಗಿ ಬರ್ತಾವ" ಎಂದು ಡಾಕ್ಟರರು ವಿವರಿಸಿದರು. ಜೀವಮಾನವಿಡೀ ಮೈದಾನದಲ್ಲಿ ನಿಂತು "ಒಂದ್, ಎರಡ್, ಮೂರ್, ನಾಕ್" ಎಂದು ಹುಡುಗರ ಕೈಕಾಲು ಆಡಿಸಿದವರಿಗೆ ಬಾಯಿಪಾಠ ಇದ್ದದ್ದು ಅದೊಂದೇ. ಈಗ ಅಂಕಿಗಳಲ್ಲೇ ನಮ್ಮ ಸಂಸಾರ ನಡೆದಿದೆ. ಮೂರು ಎಂದರೆ ನೀರು. ಬೇಡವಾದದ್ದಕ್ಕೆಲ್ಲ ಐದು, ಸಿಟ್ಟು ಬಂದರೆ ಐದನ್ನು ಎರಡು ಸಲ ಅನ್ನುತ್ತಾರೆ. ಒಂದು ಎಂದರೆ ಅವರೇ. ಎರಡು ಎಂದರೆ ನಾನು. ಇಷ್ಟು ವರ್ಷ ಕನ್ನಡ ಕಲಿಸಿದ ನನ್ನ ಹತ್ತಿರ ಊರಿಗೆ ಹಂಚಿ ಉಳಿಯುವಷ್ಟು ಶಬ್ದಗಳಿವೆ. ಅವರ ಹತ್ತಿರ ಬೆರಳಿಗೆ ಸಿಗುವಷ್ಟು ಅಂಕಿಗಳಿವೆ. ಜಗಳದಲ್ಲಿ ಈಗಲೂ ಅವರೇ ಗೆಲ್ಲುತ್ತಾರೆ.

ಕುಕ್ಕರಿನ ಸೀಟಿ ಎಣಿಸುವುದು ಅವರ ಈಗಿನ ಉದ್ಯೋಗ. ನಾನು ಬಾಗಿಲಿಗೆ ಒರಗಿ ಕಣ್ಣು ಮುಚ್ಚಿದರೆ ಲೆಕ್ಕ ತಪ್ಪುತ್ತೇನೆ. ಅವರು ಪಡಸಾಲೆಯ ಮಂಚದ ಮೇಲಿಂದ ತಪ್ಪದೆ "ಒಂದು" ಎನ್ನುತ್ತಾರೆ, ಆಮೇಲೆ "ಎರಡು." ಗ್ಯಾಸ್ ಆರಿಸುತ್ತೇನೆ.

ಇನ್ನು ನಿಮಗೆ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಇಡೀ ಕುಂಬಳಕಾಯಿಯನ್ನು ಹೆಂಗಸರು ಒಡೆಯುವಂತಿಲ್ಲ. ಮೊದಲ ಏಟು ಮನೆಯ ಗಂಡಸಿನದು. ಒಂದು ಸಲ ಅದು ಹೋಳಾಯಿತೆಂದರೆ ಮುಂದಿನದಕ್ಕೆ ಯಾವ ಅಡ್ಡಿಯೂ ಇಲ್ಲ. ಹೆಚ್ಚುವುದು, ಬೇಯಿಸುವುದು, ಬಡಿಸುವುದು, ಪಾತ್ರೆ ತಿಕ್ಕುವುದು ಎಲ್ಲವನ್ನೂ ಹೆಂಗಸರು ಧಾರಾಳವಾಗಿ ಮಾಡಬಹುದು. ನಮ್ಮ ಮಾಸ್ತರರು ಅಡುಗೆಮನೆಯಲ್ಲಿ ಮಾಡುತ್ತಿದ್ದ ಕೆಲಸ ಅದೊಂದೇ ಆಗಿದ್ದರಿಂದ ಬಹಳ ಶಿಸ್ತಿನಿಂದ ಮಾಡುತ್ತಿದ್ದರು. ತೋಳು ಮಡಚುವುದು, ಕಾಯಿಯನ್ನು ಗೋಣಿಚೀಲದ ಮೇಲೆ ನೆಟ್ಟಗೆ ಕೂರಿಸುವುದು, ಸುತ್ತ ನಿಂತವರನ್ನು ಹಿಂದೆ ಸರಿಸುವುದು. ಕುಡಗೋಲು ಎತ್ತಿ ಒಂದೇ ಏಟು. ಕಾಯಿ ಎರಡಾಗಿ ಬಿದ್ದರೆ ನಮ್ಮ ಕಡೆ ತಿರುಗಿ, ಉಳಿದದ್ದು ನಿಮ್ಮದು ಎಂಬಂತೆ ಕೈ ಝಾಡಿಸಿ ಪೇಪರ್ ಓದಲು ಹೋಗುತ್ತಿದ್ದರು.

ಸುಗ್ಗಿ ಮುಗಿದ ಮೇಲೆ ನನ್ನ ತಮ್ಮ ಶಿವಪ್ಪ ಯಂಕಂಚಿಯಿಂದ ಒಂದು ಕುಂಬಳಕಾಯಿ ಹೊತ್ತು ತಂದ. ಹೊಲದ ಬದುವಿನಲ್ಲಿ ಬೆಳೆದದ್ದಂತೆ. ಹೊತ್ತು ತಂದ ಎಂದರೆ ನಿಜವಾಗಿಯೂ ಹೊತ್ತು ತಂದ. ಬಸ್ಸಿನಲ್ಲಿ ಮಾತ್ರ ಅದಕ್ಕೊಂದು ಸೀಟು ಕೊಟ್ಟು ತಾನು ನಿಂತಿದ್ದನಂತೆ. ಮಂಚದ ಎದುರಿನ ಗೋಡೆಯ ಬುಡಕ್ಕೆ ಅದನ್ನು ಇಳಿಸಿ, ಬೆವರು ಒರೆಸಿಕೊಂಡು, ಚಹಾ ಕುಡಿದು, "ಅಕ್ಕಾ, ಕುಡಗೋಲು ಕೊಡು. ಮಾವಾರಿಗೆ ಈಗ ಆಗಂಗಿಲ್ಲ. ನಾನ ಒಂದ್ ಏಟ್ ಹಾಕಿ ಹೋಗ್ತೇನಿ, ಆಮ್ಯಾಲ ನೀ ಹೆಚ್ಕೊಂತ ಕೂಡು" ಎಂದ.

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಮಂಚದ ಮೇಲಿಂದ "ಐದು!" ಎಂಬ ಕೂಗು ಬಂತು. ಹಿಂದೆಯೇ ಇನ್ನೊಂದು "ಐದು!" ಮಾಸ್ತರರು ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಮಗ್ಗುಲ ಗೋಡೆಯ ಕಡೆಗೆ ಮುಖ ತಿರುಗಿಸಿದ್ದರು. ನಾನು ಕುಡಗೋಲನ್ನು ತಿರುಗಿ ಒಳಗಿಟ್ಟೆ. "ಇರ್ಲಿ ಬಿಡೋ ಶಿವಪ್ಪ, ಅದೇನ್ ಕೊಳಿಯೂದಲ್ಲ" ಎಂದೆ. ಶಿವಪ್ಪನಿಗೆ ಅರ್ಥವಾಗಿರಬೇಕು. ಸುಮ್ಮನೆ ಎರಡನೆಯ ಕಪ್ಪು ಚಹಾ ಕೇಳಿದ.

ಹೀಗೆ ಕುಂಬಳಕಾಯಿ ನಮ್ಮ ಮನೆಯಲ್ಲಿ ಕೂತಿತು. ಅದರ ಎದುರಿಗೇ ನಾನು ಸಂತೆಯಿಂದ ಕುಂಬಳಕಾಯಿಯ ಹೋಳು ಕೊಂಡು ತಂದು ಬೇಯಿಸತೊಡಗಿದೆ. ಸಂತೆಯ ಹೋಳಿಗೆ ಮೊದಲ ಏಟು ಅಲ್ಲಿಯೇ ಬಿದ್ದಿರುತ್ತದೆ, ತಂಟೆಯಿಲ್ಲ. ಮನೆಯಲ್ಲಿ ಬೆಟ್ಟದಂಥ ಕಾಯಿ ಇಟ್ಟುಕೊಂಡು ಚೂರು ಕೊಳ್ಳುವವಳನ್ನು ನೀವು ನೋಡಿರಲಿಕ್ಕಿಲ್ಲ. ಪ್ರತಿ ಸಂಜೆ ಚೀಲದಿಂದ ಹೋಳು ತೆಗೆಯುವಾಗ ಆ ಕಾಯಿ ನನ್ನನ್ನೇ ನೋಡುತ್ತಿದೆ ಅನ್ನಿಸುತ್ತಿತ್ತು.

ಸಲಹೆಗಳು ಬಂದವು. ಮುದ್ದೇಬಿಹಾಳದಲ್ಲಿರುವ ಮಗಳು ಸುಜಾತಾ ಫೋನಿನಲ್ಲಿ, "ಅವ್ವಾ, ಅದಕ್ಯಾಕ ಇಷ್ಟ್ ವಿಚಾರ ಮಾಡ್ತಿ? ಆಯ್ತಾರ ಇವರನ್ನ ಕಳಸ್ತೇನಿ, ಒಂದ್ ಏಟ್ ಹಾಕಿ ಬರ್ತಾರ" ಎಂದಳು. ಅಳಿಯ ಮುದ್ದೇಬಿಹಾಳದಿಂದ ಒಂದು ಏಟಿಗಾಗಿ ಬರುವುದು! ಅಳಿಯ ಬಂದರೆ ಹೋಳಿಗೆಯಾಗಬೇಕು. ಹೋಳಿಗೆಗೆ ಬೇಳೆ ಬೇಯಿಸಬೇಕು, ಹೂರಣ ರುಬ್ಬಬೇಕು, ಕಟ್ಟಿನ ಸಾರು ಮಾಡಬೇಕು. ಕುಂಬಳಕಾಯಿ ಒಡೆಸಿಕೊಳ್ಳಲು ಇಷ್ಟೆಲ್ಲ ಖರ್ಚು ಮಾಡುವಷ್ಟು ಶಕ್ತಿ ನನ್ನಲ್ಲಿರಲಿಲ್ಲ. "ಬ್ಯಾಡವ್ವ, ಅವರ ಅಲ್ಲೇ ಆರಾಮ ಇರ್ಲಿ" ಎಂದೆ.

ಖುರ್ಷಿದಾಳ ಮೇಲೆ ನನಗೆ ಭರವಸೆಯಿತ್ತು. ಅವರ ಮನೆಯಲ್ಲಿ ಇಂಥ ಕಟ್ಟುಪಾಡು ಇರಲಾರದು, ಅವಳೇ ಮಾತಿನ ಮಧ್ಯೆ ಕುಡಗೋಲು ಎತ್ತಿ ಧಡ್ ಎಂದು ಹಾಕಿಬಿಟ್ಟರೆ ತಪ್ಪು ಯಾರದೂ ಅಲ್ಲ ಎಂದುಕೊಂಡಿದ್ದೆ. ಒಂದು ದಿನ ಬಾಯಿಬಿಟ್ಟು ಕೇಳಿಯೂ ಕೇಳಿದೆ. ಅವಳು ಗಲ್ಲಕ್ಕೆ ಕೈ ಹಚ್ಚಿಕೊಂಡಳು. "ಏ ಬ್ಯಾಡ್ರಿ ಟೀಚರ್ರ! ನಮ್ಮನ್ಯಾಗೂ ನಮ್ಮವರ ಹೊಡೀತಾರ್ರಿ. ನಮ್ಮ ಅತ್ತಿ ಹೇಳ್ಯಾರ. ಯಾಕಂತ ನಾನೂ ಕೇಳಿಲ್ಲ, ಅವರೂ ಹೇಳಿಲ್ಲ." ದೇವರು ಬೇರೆ ಬೇರೆ ಇರಬಹುದು, ಅತ್ತೆಯರೆಲ್ಲ ಒಂದೇ ಪಾಠಶಾಲೆಯವರು.

ಯಾಕೆ ಎಂದು ನನ್ನನ್ನು ಒಬ್ಬಳು ಕೇಳಿದಳು. ತರಗತಿಯಲ್ಲಿ ಗಾದೆಗಳ ಪಾಠ ನಡೆದಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬುದನ್ನು ವಿವರಿಸುತ್ತಿದ್ದೆ. ಅದು ಬೂದುಗುಂಬಳ, ಹೊತ್ತವನ ಹೆಗಲಿಗೆ ಬೂದಿ ಹತ್ತುತ್ತದೆ. ನಮ್ಮ ಸಿಹಿಗುಂಬಳಕ್ಕೆ ಬೂದಿಯಿಲ್ಲ, ಅದನ್ನು ಕದ್ದವನು ನೆಮ್ಮದಿಯಿಂದ ಇರಬಹುದು ಎಂದೆಲ್ಲ ಹೇಳಿದೆ. ಹಿಂದಿನ ಬೆಂಚಿನ ಹುಡುಗಿ ಎದ್ದು, "ಟೀಚರ್, ಹೆಣ್ಣಮಕ್ಳು ಕುಂಬಳಕಾಯಿ ಯಾಕ್ ಒಡೀಬಾರದ್ರಿ?" ಎಂದಳು. ನಾನು ನನಗೆ ಗೊತ್ತಿದ್ದದ್ದು ಹೇಳಿದೆ. ಕುಂಬಳಕಾಯಿಯನ್ನು ಜೀವವಿದ್ದಂತೆ ಭಾವಿಸುತ್ತಾರೆ, ಬಲಿಯ ಬದಲಿಗೆ ಅದನ್ನು ಒಡೆಯುವ ರೂಢಿಯಿದೆ, ಜೀವ ಹೆರುವವಳು ಜೀವ ಕಡಿಯಬಾರದು ಎಂಬುದು ಹಿರಿಯರ ವಿಚಾರ. ಹುಡುಗಿ ಸ್ವಲ್ಪ ಯೋಚಿಸಿ, "ಮತ್ತ ಕೋಳಿ ನಮ್ಮವ್ವನ ಕೊಯ್ತಾಳಲ್ರಿ?" ಎಂದಳು. ಅಷ್ಟರಲ್ಲಿ ಗಂಟೆ ಬಾರಿಸಿತು, ನನ್ನ ಮಾನ ಉಳಿಯಿತು.

ಮಾಸ್ತರರು ನಿದ್ದೆ ಹೋದಾಗ ನೀನೇ ಒಡೆದು ಮುಗಿಸಬಹುದಿತ್ತಲ್ಲ ಎಂದು ನೀವು ಅನ್ನಬಹುದು. ಅನ್ನಿ. ನಾನೂ ಎಷ್ಟೋ ಸಲ ಅಂದುಕೊಂಡಿದ್ದೇನೆ. ಪದ್ಧತಿಗೆ ಹೆದರಿ ಸುಮ್ಮನಿದ್ದೆ ಎಂದು ತಿಳಿಯಬೇಡಿ. ಅವರ ಅಂಗಿಯ ಗುಂಡಿ ನಾನು ಹಾಕುತ್ತೇನೆ. ಗಡ್ಡಕ್ಕೆ ಕ್ಷೌರಿಕ ಮನೆಗೆ ಬರುತ್ತಾನೆ. ಸೈಕಲ್ಲನ್ನು ಶಿವಪ್ಪ ಒಯ್ದ. ಕೊರಳಿಗೆ ಹಾಕಿಕೊಳ್ಳುತ್ತಿದ್ದ ಸೀಟಿ ಮೊಳೆಗೆ ತೂಗುಬಿದ್ದಿದೆ. ಈ ಮನೆಯಲ್ಲಿ ಅವರಿಗಾಗಿ ಇನ್ನೂ ಕಾಯುತ್ತಿದ್ದದ್ದು ಆ ಕುಂಬಳಕಾಯಿ ಒಂದೇ. ಅದನ್ನೂ ನಾನು ಕಸಿದುಕೊಂಡರೆ ಆ ಮಂಚದ ಮೇಲೆ ಕೂತವರು ಯಾರು ಎಂದು ಅವರಿಗೇ ಅನುಮಾನ ಬರುತ್ತದೆ ಎಂದು ನನಗೆ ಭಯವಿತ್ತು. ದಣಿವಿಗಿಂತ ದೊಡ್ಡದಾಗಿದ್ದದ್ದು ಆ ಭಯ.

ಈ ನಡುವೆ ಹಿತ್ತಿಲಲ್ಲಿ ನಮಗೆ ಗೊತ್ತಿಲ್ಲದೆ ಒಂದು ವ್ಯವಹಾರ ನಡೆದಿತ್ತು. ಸಂತೆಯ ಹೋಳುಗಳ ಬೀಜವನ್ನು ನಾನು ಕಿಟಕಿಯಿಂದ ಆಚೆ ಚೆಲ್ಲುತ್ತಿದ್ದೆ. ಒಣಗಿಸಿ, ಸುಲಿದು, ಹುರಿದು ತಿನ್ನಬೇಕೆಂದು ಮೊಬೈಲಿನಲ್ಲಿ ಹೇಳುತ್ತಾರೆ, ಹೇಳುವವರಿಗೆ ಪುರುಸೊತ್ತಿರಬೇಕು. ಪಾತ್ರೆ ತೊಳೆದ ನೀರಿಗೆ ಒಂದು ಬಳ್ಳಿ ಎದ್ದು ಖುರ್ಷಿದಾಳ ಮನೆಯ ಗೋಡೆ ಹತ್ತಿತು. ಹೂವು ಬಿಟ್ಟವು, ಉದುರಿದವು. ಕಡೆಗೆ ಗೋಡೆಯ ಮೇಲೆ ಒಂದೇ ಒಂದು ಕಾಯಿ ನಿಂತಿತು. ಬಳ್ಳಿಗೂ ನನ್ನಂತೆ ಶಕ್ತಿ ಸಾಲದೆ ಹೋಗಿರಬೇಕು, ಕಾಯಿ ಎರಡು ಅಂಗೈಗಳಲ್ಲಿ ಹಿಡಿಯುವಷ್ಟಾಗಿ ಅಲ್ಲಿಗೇ ಹಣ್ಣಾಯಿತು. ಖುರ್ಷಿದಾ ಅದನ್ನು ಹರಿದು ತಂದು ಮಾಸ್ತರರ ಮಡಿಲಲ್ಲಿಟ್ಟು, "ನಿಮ್ಮ ಬೀಜ, ನಮ್ಮ ಗ್ವಾಡಿ. ತಗೋರಿ ಮಾಸ್ತರ" ಎಂದು ಹೋದಳು. ನಾನು ಸಂಜೆ ಬಂದಾಗ ಮಾಸ್ತರರು ಅದನ್ನು ಎಡಗೈಯಲ್ಲಿ ಚೆಂಡು ಹಿಡಿದಂತೆ ಹಿಡಿದುಕೊಂಡು ಕೂತಿದ್ದರು.

ಆ ದಿನ ನಾನು ಹೇಗೆ ಬಂದಿದ್ದೆ ಎಂದರೆ, ಅರ್ಧವಾರ್ಷಿಕ ಪರೀಕ್ಷೆಯ ದಿನಗಳು, ಹಗಲೆಲ್ಲ ಕೋಣೆಯಲ್ಲಿ ಅಡ್ಡಾಡಿ ಕಾಲು ಬಾತಿದ್ದವು. ಬಸ್ಸಿನಲ್ಲಿ ನಿಂತೇ ಬಂದಿದ್ದೆ. ಸಂತೆಯ ಕಡೆ ಹೋಗಲಾಗಿರಲಿಲ್ಲ, ಹೋಳು ಇರಲಿಲ್ಲ. ಅವರ ಕೈಯಿಂದ ಆ ಪುಟ್ಟ ಕಾಯಿ ತೆಗೆದುಕೊಂಡೆ, ತೊಳೆದೆ, ಕುಕ್ಕರಿನಲ್ಲಿ ತೂತಿನ ತಟ್ಟೆಯ ಮೇಲೆ ಇಟ್ಟೆ. ಹೇಳಿ ಮಾಡಿಸಿದಂತೆ ಕೂತಿತು. ನೀರು ಹಾಕಿ, ಮುಚ್ಚಳ ಬಿಗಿದು ಗ್ಯಾಸ್ ಹಚ್ಚಿದೆ. ಅದು ಇಡಿಯಾಗಿದೆ, ಅದನ್ನು ಮೊದಲು ಹೆಚ್ಚಬೇಕು, ಹೆಚ್ಚಬೇಕಾದರೆ ಮೊದಲು ಗಂಡಸು ಬೇಕು, ಇದ್ಯಾವುದೂ ನನ್ನ ತಲೆಗೆ ಬರಲಿಲ್ಲ. ತಲೆ ಎನ್ನುವುದು ಗೊಳಸಂಗಿಯಲ್ಲೇ ಉಳಿದಿತ್ತು. ಬಾಗಿಲಿಗೆ ಒರಗಿದವಳು ಹಾಗೆಯೇ ಜಾರಿ ನೆಲಕ್ಕೆ ಕೂತೆ.

"ಒಂದು" ಎಂದದ್ದು ಕೇಳಿತು. "ಎರಡು" ಎಂದದ್ದು ಕನಸಿನಲ್ಲಿ ಕೇಳಿತು. ಗ್ಯಾಸ್ ಆರದಿದ್ದದ್ದು ನೋಡಿ ಅವರು ನನ್ನನ್ನು ಕರೆದಿರಬೇಕು, "ಎರಡು! ಎರಡು!" ಎಂದು. ಪಾಪ, ಲೆಕ್ಕವೂ ಅದೇ, ಹೆಂಡತಿಯೂ ಅದೇ, ಯಾವುದನ್ನು ಹಿಡಿಯಬೇಕು? ಆಮೇಲೆ "ಮೂರು" ಬಂತು, "ನಾಲ್ಕು" ಬಂತು. ಕಡೆಗೆ "ಐದು! ಐದು!" ಎಂಬ ಗರ್ಜನೆಗೆ ನಾನು ಧಿಗ್ಗನೆದ್ದು ಗ್ಯಾಸ್ ಆರಿಸಿದೆ.

ಕುಕ್ಕರು ತಾನಾಗಿ ಆರುವತನಕ ಮುಚ್ಚಳ ತೆಗೆಯುವಂತಿಲ್ಲ. ಇಂಥ ಪಾತ್ರೆಯನ್ನು ಮೊಟ್ಟಮೊದಲು ಮಾಡಿದವನು ಯಾವನೋ ಫ್ರಾನ್ಸಿನವನಂತೆ, ಎಲುಬನ್ನು ಮೆತ್ತಗೆ ಮಾಡಲು ಹೊರಟಿದ್ದನಂತೆ. ಎಲುಬೇ ಮೆತ್ತಗಾಗುವಲ್ಲಿ ಕುಂಬಳಕಾಯಿ ಏನಾಗಿರಬಹುದು ಎಂದು ನಾನು ಚಿಂತಿಸುತ್ತ ನಿಂತೆ. ಈಗ ಇವಳು ತನ್ನನ್ನು ಕುಕ್ಕರಿಗೆ ಹೋಲಿಸಿಕೊಳ್ಳುತ್ತಾಳೆ ಎಂದು ನೀವು ಕಾಯುತ್ತಿದ್ದೀರಿ. ಇಲ್ಲ. ಕುಕ್ಕರಿನ ರಬ್ಬರು ಸಡಿಲಾದರೆ ಪೇಟೆಯಲ್ಲಿ ಹೊಸದು ಸಿಗುತ್ತದೆ.

ಮುಚ್ಚಳ ತೆಗೆದೆ. ಕಾಯಿ ಸ್ವಲ್ಪ ಕಂದಾಗಿ, ಮೈಮೇಲೆಲ್ಲ ಬೆವರಿಟ್ಟು, ಒಂದು ಬಿರುಕೂ ಇಲ್ಲದೆ ಇಡಿಯಾಗಿ ಕೂತಿತ್ತು. ಆಗ ನನಗೆ ಹೊಳೆಯಿತು, ನಾನು ಇದನ್ನು ಒಡೆದಿಲ್ಲ! ಒಂದು ಕ್ಷಣ ಗಾಬರಿಯಾಯಿತು. ಪದ್ಧತಿ ಮುರಿದೆನೇ ಎಂದು ಸುತ್ತಲೂ ತಿರುಗಿಸಿ ನೋಡಿದೆ. ಎಲ್ಲಿಯೂ ಮುರಿದಿರಲಿಲ್ಲ. ಇಡೀ ಕಾಯಿಯನ್ನು ಹೆಂಗಸು ಒಡೆಯಬಾರದು ಎಂದು ಹಿರಿಯರು ಹೇಳಿದ್ದಾರೆ, ಬೇಯಿಸಬಾರದು ಎಂದು ಯಾರೂ ಹೇಳಿಲ್ಲ. ಮೊದಲ ಏಟು ಗಂಡಸಿನದು ಎಂದಿದ್ದಾರೆ, ಹಸಿಯದಕ್ಕೇ ಹಾಕಬೇಕು ಎಂದಿಲ್ಲ. ಬುದ್ಧಿ ಓಡಿಸಿ ಸಿಗದಿದ್ದ ಉಪಾಯವನ್ನು ದಣಿವು ನನ್ನ ಕೈಯಲ್ಲಿಟ್ಟಿತ್ತು.

ಕಾಯಿಯನ್ನು ತಾಟಿನಲ್ಲಿಟ್ಟು ಮಂಚದ ಹತ್ತಿರ ಒಯ್ದೆ. ಅವರ ಎಡಗೈಗೆ ಚಮಚ ಕೊಟ್ಟು, "ಇನ್ನೂ ಒಡದಿಲ್ರಿ. ನೀವ ಒಡೀರಿ" ಎಂದೆ. ಅವರು ಚಮಚವನ್ನು ನೋಡಿದರು, ನನ್ನನ್ನು ನೋಡಿದರು. ಗೇಲಿ ಮಾಡುತ್ತಿದ್ದೇನೆಯೇ ಎಂದು ಹುಡುಕುತ್ತಿದ್ದರು. ನನ್ನ ಮುಖದಲ್ಲಿ ಗೇಲಿ ಮಾಡುವಷ್ಟು ಜೀವ ಇರಲಿಲ್ಲ, ಅದೇ ಒಳ್ಳೆಯದಾಯಿತು. ಮೆಲ್ಲಗೆ ಸರಿದು ನೆಟ್ಟಗೆ ಕೂತರು. ಕಣ್ಣಿನಿಂದಲೇ ನನ್ನನ್ನು ಹಿಂದೆ ಸರಿಯಲು ಹೇಳಿದರು. ಸರಿದೆ. ಚಮಚ ಎತ್ತಿ ಕಾಯಿಯ ನಡುನೆತ್ತಿಗೆ ಇಟ್ಟು ಒತ್ತಿದರು. ಅದು ಎಲ್ಲಿಯೂ ತಡೆಯದೆ ಒಳಗಿಳಿಯಿತು. ಕಾಯಿ ಎರಡಾಗಿ ಬಿತ್ತು, ಹಬೆ ಎದ್ದು ಅವರ ಮುಖಕ್ಕೆ ಬಡಿಯಿತು, ಒಳಗಿನ ಕೆಂಪು ಹಳದಿ ಕಾಣಿಸಿತು.

"ಒಂದು" ಎಂದರು.

ನನಗೆ ಅಳು ಬಂತು. ಮುಚ್ಚಿಡುವುದೇನು, ಹಬೆಯ ನೆವ ಇತ್ತು, ಅತ್ತೆ. ಬೀಜ ತೆಗೆದು, ಬೆಲ್ಲ ಹಾಕದೆಯೇ ಇಬ್ಬರೂ ಅದೇ ತಾಟಿನಲ್ಲಿ ತಿಂದೆವು. ಬಹಳ ದಿನಗಳ ಮೇಲೆ ನಾನು ಬಿಸಿಯಿರುವಾಗಲೇ ಏನನ್ನಾದರೂ ತಿಂದದ್ದು. ತಿಂದು ಮುಗಿದ ಮೇಲೆ ಮಾಸ್ತರರು ಎದುರಿನ ಗೋಡೆಯ ಕಡೆ ನೋಡಿದರು. ಶಿವಪ್ಪನ ಆ ಬೆಟ್ಟ ಅಲ್ಲೇ ಕೂತಿತ್ತು, ಯಾವ ಕುಕ್ಕರಿಗೂ ಹಿಡಿಯದಂಥದು. ಅವರು ಚಮಚದಿಂದ ಅದನ್ನು ತೋರಿಸಿದರು, ಆಮೇಲೆ ನನ್ನನ್ನು ತೋರಿಸಿದರು.

"ಎರಡು" ಎಂದರು.

ನನ್ನ ಅವ್ವನಿಗೆ ಇಲ್ಲದ, ಅವಳ ಅವ್ವನಿಗೂ ಇಲ್ಲದ ಹಕ್ಕು ಬಾಗೇವಾಡಿಯ ಒಂದು ಪಡಸಾಲೆಯಲ್ಲಿ ಎಂಜಲು ಚಮಚದ ತುದಿಯಿಂದ ನನಗೆ ಬಂತು. ಆಗಲೇ ಎದ್ದು ಕುಡಗೋಲು ತರಬೇಕಿತ್ತು. ಆದರೆ ನಿಮಗೆ ಹೇಳಿದೆನಲ್ಲ, ದಣಿದಿದ್ದೆ. "ಆಯ್ತಾರ ನೋಡೂಣ್ರಿ" ಎಂದು ಅಲ್ಲೇ ಮಂಚದ ಕಾಲಿಗೆ ಒರಗಿದೆ. ಅವರು ಐದು ಅನ್ನಲಿಲ್ಲ.

ಭಾನುವಾರ ಗೋಣಿಚೀಲ ಹಾಸಿ, ಕಾಯಿಯನ್ನು ನೆಟ್ಟಗೆ ಕೂರಿಸಿ, ಸೆರಗು ಸಿಕ್ಕಿಸಿ ಕುಡಗೋಲು ಎತ್ತಿದೆ. ಆಕಾಶ ಬೀಳಲಿಲ್ಲ. ಕುಂಬಳಕಾಯಿಯೂ ಒಡೆಯಲಿಲ್ಲ. ಮನೆಯಲ್ಲಿ ಕೂತು ಕೂತು ಅದರ ತೊಗಟೆ ಕಲ್ಲಾಗಿತ್ತು. ಕುಡಗೋಲು ಒಂದು ಬೆರಳಿನಷ್ಟು ಇಳಿದು ಸಿಕ್ಕಿಕೊಂಡಿತು. ಎಳೆದು ತೆಗೆದು ಮತ್ತೆ ಹಾಕಿದೆ. ರಟ್ಟೆ ಸೋತವು, ಬೆವರು ಕಣ್ಣಿಗಿಳಿಯಿತು. ಈ ಹಕ್ಕೊಂದನ್ನು ಗಂಡಸರು ತಮ್ಮ ಹತ್ತಿರವೇ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು ಅನ್ನಿಸುವಷ್ಟರಲ್ಲಿ ಹಿಂದಿನಿಂದ ಮೈದಾನದ ದನಿ ಕೇಳಿಸಿತು. ಮಾಸ್ತರರು ಮಂಚದ ಮೇಲೆ ನೆಟ್ಟಗೆ ಕೂತು, ಮೊಳೆಗೆ ತೂಗುಬಿದ್ದಿದ್ದ ಸೀಟಿಯನ್ನು ಅದ್ಯಾವಾಗಲೋ ತೆಗೆದು ಕೊರಳಿಗೆ ಹಾಕಿಕೊಂಡು, ನನ್ನ ಒಂದೊಂದು ಏಟನ್ನೂ ಎಣಿಸುತ್ತಿದ್ದರು.